ದೂರಿನಲ್ಲಿ ಇಲ್ಲದ ತೂಬು

ಶಿಷ್ಯನು ಕೇಳಿದನು: "ಗುರುಗಳೇ, ಸಾಕ್ಷಿಯೇ ಎದುರಿಗೆ ಬಂದು ನಿಂತಿರುವಾಗ, ಆ ಮಾತು ದೂರಿನಲ್ಲಿ ಬರೆದಿಲ್ಲ ಎಂಬ ಒಂದೇ ಕಾರಣಕ್ಕೆ ನ್ಯಾಯಾಧಿಕಾರಿ ಕಿವಿ ಮುಚ್ಚಿಕೊಳ್ಳಬಹುದೇ?"

ಗುರುಗಳು ಈ ಕತೆ ಹೇಳಿದರು.

ಸಮುದ್ರದ ಅಂಚಿನಲ್ಲಿ ಉಪ್ಪು ಬೆಳೆಯುವವನೊಬ್ಬನಿದ್ದನು. ಉಪ್ಪು ಬೆಳೆಯುವುದೆಂದರೆ ಉಬ್ಬರದ ನೀರನ್ನು ಗದ್ದೆಗೆ ಬಿಟ್ಟುಕೊಂಡು ಬಿಸಿಲಿಗೆ ಒಣಗಿಸುವುದು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬೆಳ್ಳಗಾದ ಗದ್ದೆಯ ನಡುವೆ ನಿಂತರೆ ಅವನಿಗೆ ನೆಲ ಯಾವುದು, ಆಕಾಶ ಯಾವುದು ಎಂದು ತಿಳಿಯುತ್ತಿರಲಿಲ್ಲ. ಎಚ್ಚರವಿದ್ದೂ ಕನಸು ಕಂಡಂತಾಗುತ್ತಿತ್ತು. ಆ ಸುಖಕ್ಕಾಗಿಯೇ ಅವನು ಬದುಕಿದ್ದನು ಎಂದರೂ ತಪ್ಪಿಲ್ಲ.

ಒಂದು ವರ್ಷ ಗದ್ದೆ ಬೆಳ್ಳಗಾಗಲಿಲ್ಲ. ಮರುವರ್ಷವೂ ಆಗಲಿಲ್ಲ. ಎರಡು ವರ್ಷ ಉಪ್ಪು ಬಾರದ ಗದ್ದೆಯನ್ನು ಊರು ಬೇರೆಯವರಿಗೆ ಕೊಡುತ್ತಿತ್ತು. ನೆರೆಯವನ ತಪ್ಪಿನಿಂದ ಹೀಗಾಯಿತೆಂದು ತೋರಿಸಿದರೆ ಮಾತ್ರ ಗದ್ದೆ ಉಳಿಯುತ್ತಿತ್ತು. ಆದ್ದರಿಂದ ಅವನು ದೂರು ಬರೆಸಿದನು: ನೆರೆಯವನು ಒಡ್ಡು ಎತ್ತರಿಸಿದ್ದಾನೆ, ಉಬ್ಬರದ ನೀರು ನನ್ನ ಗದ್ದೆಗೆ ಬರುತ್ತಿಲ್ಲ. ಇಷ್ಟೇ ಬರೆಸಿದನು. ನ್ಯಾಯಾಧಿಕಾರಿ ಅದನ್ನು ನೆರೆಯವನಿಗೆ ಓದಿಸಿ, ಉತ್ತರ ಹೊಂದಿಸಿಕೊಳ್ಳಲು ಎಂಟು ದಿನ ಕೊಟ್ಟರು.

ಏಳನೆಯ ದಿನ ಮುಂಜಾನೆ, ಮಂಜಿನಲ್ಲಿ ಚಿಪ್ಪು ಆರಿಸುವವನೊಬ್ಬ ಉಪ್ಪು ಬೆಳೆಯುವವನಿಗೆ ಎದುರಾದನು. "ಒಡ್ಡು ಬಿಡೋ," ಎಂದನು. "ಅಮಾವಾಸ್ಯೆ ಬೆಳಗ್ಗೆ ನಿನ್ನ ನೆರೆಯವನು ತೂಬಿನ ಹಲಗೆ ಎತ್ತಿ ಹಳ್ಳದ ನೀರನ್ನ ನಿನ್ನ ಗದ್ದೆಗೆ ಬಿಟ್ಟಿದ್ದು ನಾನೇ ನೋಡಿದ್ದೀನಿ."

ಹಳ್ಳದ ನೀರು ಸಿಹಿನೀರು. ಸಿಹಿನೀರು ಸೇರಿದರೆ ಉಪ್ಪು ಕಟ್ಟುವುದಿಲ್ಲ. ಉಪ್ಪು ಬೆಳೆಯುವವನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಲ್ಲವೂ ಅವನ ಕಣ್ಣಿಗೆ ಕಟ್ಟಿತು: ಮಂಜು, ಎತ್ತಿದ ಹಲಗೆ, ಸದ್ದಿಲ್ಲದೆ ನುಗ್ಗುವ ನೀರು. ತಾನೇ ನೋಡಿದ್ದೇನೆ ಎನ್ನುವಷ್ಟು ಸ್ಪಷ್ಟವಾಗಿ ಕಂಡಿತು.

ಮರುದಿನ ಅವನು ಚಿಪ್ಪಿನವನನ್ನು ನ್ಯಾಯದ ಕಟ್ಟೆಗೆ ಕರೆತಂದನು. ತೂಬಿನ ಮಾತು ಬಾಯಿಗೆ ಬರುತ್ತಲೇ ನ್ಯಾಯಾಧಿಕಾರಿ ಕೈ ಎತ್ತಿದರು. "ಇದು ನಿನ್ನ ದೂರಿನಲ್ಲಿಲ್ಲ."

ನೆರೆಯವನು ಕಣ್ಣು ಕಣ್ಣು ಬಿಟ್ಟನು. "ಒಡ್ಡು ಅಳೆಯೋಕೆ ಹಗ್ಗ ತಂದಿದ್ದೀನಿ ಮಾರಾಯ, ತೂಬಿಗೆ ಏನು ತರಲಿ?"

"ನೀನೂ ಸುಮ್ಮನಿರು," ಎಂದರು ನ್ಯಾಯಾಧಿಕಾರಿ. ಆಮೇಲೆ ಉಪ್ಪು ಬೆಳೆಯುವವನಿಗೆ ಹೇಳಿದರು: "ಬೇಕಾದರೆ ದೂರನ್ನು ತಿದ್ದಿ ಬರೆಸು. ಇವನಿಗೆ ಮತ್ತೆ ಎಂಟು ದಿನ ಕೊಡುತ್ತೇನೆ. ಆಮೇಲೆ ನಿನ್ನ ಸಾಕ್ಷಿಯನ್ನು ಕೇಳುತ್ತೇನೆ."

ತಿದ್ದುವುದೆಂದರೆ ಮೊದಲು ಊಹೆಯಿಂದ ಬರೆಸಿದ್ದೆನೆಂದು ಹತ್ತು ಜನರ ಮುಂದೆ ಒಪ್ಪಿಕೊಂಡಂತೆ. ಅವನಿಗೆ ಅದು ಬೇಡವಾಗಿತ್ತು.

"ಅವತ್ತು ಒಡ್ಡು ಅಂದವನು ಇವತ್ತು ತೂಬು ಅಂದರೆ ಊರು ನಗಲ್ವಾ ಸ್ವಾಮಿ? ನಿಜ ಇಲ್ಲೇ ನಿಂತಿದೆ. ಅದಕ್ಕೂ ಎಂಟು ದಿನ ಕಾಯಿಸ್ತೀರಾ?"

ನ್ಯಾಯಾಧಿಕಾರಿ ಮೂರು ಸಲ ಕೇಳಿದರು. ಅವನು ಮೂರು ಸಲವೂ ತಿದ್ದುವುದಿಲ್ಲ ಎಂದನು. ಆಗ ಹಗ್ಗ ಹಿಡಿದು ಒಡ್ಡನ್ನು ಅಳೆದರು. ಒಡ್ಡು ಮೊದಲಿದ್ದಷ್ಟೇ ಇತ್ತು. ದೂರು ಬಿದ್ದುಹೋಯಿತು, ಗದ್ದೆಯೂ ಕೈತಪ್ಪಿತು. ಉಪ್ಪು ಬೆಳೆಯುವವನು ಒಮ್ಮೆ ಗದ್ದೆಗೆ ಇಳಿದು, ಕಾಲು ತೊಳೆದುಕೊಳ್ಳದೆಯೇ ಊರು ಬಿಟ್ಟು ಹೋದನು.

ಕತೆ ಮುಗಿಯಿತು. ಶಿಷ್ಯನ ಕಣ್ಣು ತುಂಬಿತ್ತು. ಮಂಜಿನಲ್ಲಿ ಎತ್ತಿದ ಹಲಗೆ ಅವನಿಗೂ ಕಾಣುತ್ತಿತ್ತು.

"ಅನ್ಯಾಯ, ಗುರುಗಳೇ! ನೆರೆಯವನು ಸಿಹಿನೀರು ಬಿಟ್ಟೂ ಗೆದ್ದುಬಿಟ್ಟನಲ್ಲ!"

ಗುರುಗಳು ಹೇಳಿದರು: "ಬಿಟ್ಟನೆಂದು ತೀರ್ಪು ಕೊಟ್ಟೆಯಲ್ಲ, ಮಗು, ಅವನ ಉತ್ತರವನ್ನು ನೀನು ಯಾವಾಗ ಕೇಳಿದೆ?"