ಓರೆ ಬಾಗಿಲ ಗುಡಿ

ಬಾಗಿಲು ಓರೆಯಾಗಿದೆ ಎಂದುಕೊಂಡು ತಳ್ಳಿದೆ. ಕಲ್ಲು. ಹೆಬ್ಬೆರಳ ಉಗುರು ಸೀಳಿತು. ಹಿಂದೆ ಮರದ ನೆರಳಿನಲ್ಲಿ ಕುಳಿತಿದ್ದ ಮುದುಕರೊಬ್ಬರು ನಕ್ಕು ಏನೋ ಹೇಳಿದರು. ಗುಡಿಯ ಕಾವಲಿನವರು, ಹೆಸರು ತಾ ಸರೂನ್. ತಾ ಎಂದರೆ ಅಲ್ಲಿ ಅಜ್ಜ. ನಮ್ಮ ಗೈಡ್ ಚಂತಾ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು. "ಇದನ್ನು ತಳ್ಳಿದವರಲ್ಲಿ ನೀವು ಮೊದಲಿಗರಲ್ಲವಂತೆ. ಇಷ್ಟು ಜೋರಾಗಿ ಮಾತ್ರ ಯಾರೂ ತಳ್ಳಿರಲಿಲ್ಲವಂತೆ."

ಆ ದಿನ ಬೆಳಿಗ್ಗೆಯಿಂದ ಕಾಂಬೋಡಿಯದ ಹಳೆಯ ಖ್ಮೇರ್ ಗುಡಿಗಳನ್ನು ನೋಡುತ್ತಿದ್ದೆವು. ದೊಡ್ಡವು ಮುಗಿದಿದ್ದವು. ಇದು ಸಣ್ಣದು. ಒಂದೇ ಗೋಪುರ, ಅದರ ತಲೆ ಅರ್ಧ ಕುಸಿದಿದೆ. ಆ ಗುಡಿಗಳಲ್ಲಿ ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು ಕಾಣುತ್ತದೆ. ಸಾಮಾನ್ಯವಾಗಿ ಮೂಡಣದ್ದು ಮಾತ್ರ ತೆರೆಯುತ್ತದೆ, ಉಳಿದ ಮೂರು ಗೋಡೆಯಲ್ಲೇ ಕೆತ್ತಿದ ಹುಸಿಬಾಗಿಲು. ಚೌಕಟ್ಟು, ಎರಡು ಕದ, ನಡುವಿನ ಪಟ್ಟಿ, ಹೂಬಳ್ಳಿ, ಎಲ್ಲವೂ ಇರುತ್ತದೆ. ತೆರೆಯುವುದೊಂದಿಲ್ಲ. ಇಲ್ಲಿ ಪಡುವಣದ ಹುಸಿಬಾಗಿಲಿನ ಎಡ ಕದವನ್ನು ನಾಲ್ಕು ಬೆರಳಷ್ಟು ಒಳಕ್ಕೆ ಸರಿದಂತೆ ಕೆತ್ತಿದ್ದಾರೆ. ಸಂದಿಯಲ್ಲಿ ಕತ್ತಲೆ ನಿಂತಿದೆ. ಸುತ್ತಲಿನವರು ಇದನ್ನು ಪ್ರಾಸಾತ್ ಥ್ವಿಯಾ ಚಮ್ಹ ಎನ್ನುತ್ತಾರೆ. ಓರೆ ಬಾಗಿಲ ಗುಡಿ ಎಂದರ್ಥ. ಹೆಸರು ಬಂದ ಬಗೆಯನ್ನು ತಾ ಸರೂನ್ ಹೇಳಿದರು. ಅವರು ಹೇಳಿದಷ್ಟನ್ನು ಬರೆದಿದ್ದೇನೆ.

ಹಿಂದೆ ಒಮ್ಮೆ ಈ ದಿಬ್ಬದ ಪಡುವಣಕ್ಕೆ ಒಂದು ಊರಿತ್ತು. ಊರಿಗೆ ಹಿರಿಯಳು ಯಾಯ್ ತೆಪ್. ಯಾಯ್ ಎಂದರೆ ಅಜ್ಜಿ. ಅವಳು ಹೂಂ ಎನ್ನದೆ ಅಲ್ಲಿ ಯಾರೂ ಉಳುಮೆಗೆ ಇಳಿಯುತ್ತಿರಲಿಲ್ಲ. ದಿಬ್ಬದ ಮೇಲೆ ಗುಡಿ ಕಟ್ಟಬೇಕೆಂದು ಅರಸನ ಕಡೆಯ ಅಧಿಕಾರಿಯೊಬ್ಬ ಬಂದ. ದಿಬ್ಬ ಯಾರದೂ ಅಲ್ಲ. ಆದರೆ ಪಡುವಣದ ಅಂಗಳಕ್ಕೂ ಸುತ್ತಿನ ಕಂದಕಕ್ಕೂ ಆ ಊರಿನ ಒಳ್ಳೆಯ ಗದ್ದೆಗಳು ಬೇಕಾಗಿದ್ದವು. ಅಧಿಕಾರಿ ಕೆಟ್ಟವನಲ್ಲ. ಬಟ್ಟೆಯ ಮೇಲೆ ಬರೆದ ನಕ್ಷೆ ಬಿಚ್ಚಿ ತೋರಿಸಿದ. ನಾಲ್ಕು ಕಡೆಗೂ ಬಾಗಿಲು ಬರೆದಿತ್ತು. ಮೂರು ಕಲ್ಲಾಗಿಯೇ ಉಳಿಯುತ್ತವೆ ಎಂಬುದು ಅವನಿಗೂ ತಿಳಿದಿರಲಿಲ್ಲ. "ನೋಡು ಯಾಯ್, ನಿಮ್ಮ ಕಡೆಗೂ ಒಂದಿದೆ. ನಿಮ್ಮ ಜನ ನೇರವಾಗಿ ಒಳಗೆ ಬರಬಹುದು" ಎಂದ. ಯಾಯ್ ತೆಪ್ ಮನೆಮನೆಗೆ ಹೋಗಿ ಹೇಳಿದಳು: ನೆಲ ಹೋದರೆ ಹೋಗಲಿ, ದೇವರು ನಮ್ಮ ಕಡೆಗೆ ಬಾಗಿಲು ತೆಗೆಯುತ್ತಾನೆ. ಅವಳ ಮಾತಿನ ಮೇಲೆ ಜನ ಗದ್ದೆ ಬಿಟ್ಟರು, ಕಲ್ಲೂ ಎಳೆದರು. ಭೂಮಿ ಕೊಡುವ ಕ್ರಮ ಅಲ್ಲಿಯೂ ನಮ್ಮಲ್ಲಿಯ ಹಾಗೆಯೇ. ಗುಡಿ ಮುಗಿದ ದಿನ ಊರಿನ ಹಿರಿಯರು ಧಾರೆ ಎರೆಯಬೇಕು. ನೀರು ಬೀಳುವ ತನಕ ನೆಲ ಕೊಟ್ಟವರದೇ. ಅದಕ್ಕಾಗಿ ಕಂದಕವನ್ನು ಮೂರು ಕಡೆ ತೋಡಿ, ಪಡುವಣದ್ದನ್ನು ಧಾರೆಯ ಮರುದಿನಕ್ಕೆ ಉಳಿಸಿದ್ದರು.

ಗೋಡೆ ಎದ್ದಿತು. ಪಡುವಣದಲ್ಲಿ ಕಲ್ಲಿಗೆ ಕಲ್ಲು ಕೂಡಿ ಮುಚ್ಚಿಕೊಂಡಿತು. ಕೊಂಗ್ ಎಂಬ ಶಿಲ್ಪಿ ಅಟ್ಟಣೆ ಕಟ್ಟಿ, ಮುಚ್ಚಿದ ಕಲ್ಲಿನ ಮೇಲೆ ಬಾಗಿಲು ಕೆತ್ತತೊಡಗಿದ. ಊರಿಗೆ ಆಗ ತಿಳಿಯಿತು. ಯಾಯ್ ತೆಪ್ ಬಂದರೆ ಜನ ಮಾತು ನಿಲ್ಲಿಸತೊಡಗಿದರು. ಅವಳ ತಮ್ಮನ ಮಗನೇ ಜಗುಲಿಯ ಮೇಲೆ ನಿಂತು, "ಅತ್ತೆ, ನಿನ್ನ ಬಾಗಿಲಲ್ಲಿ ಈ ವರ್ಷ ಭತ್ತ ಎಷ್ಟು ಬೆಳೆಯುತ್ತದೆ?" ಎಂದು ಕೇಳಿದ. ಅವಳು ಅಧಿಕಾರಿಯ ಹತ್ತಿರ ಹೋದಳು. ಅವನು ನೆಲ ನೋಡಿಕೊಂಡು, ಪುರೋಹಿತರನ್ನು ಕೇಳು ಎಂದ. ಪುರೋಹಿತರು, ಈ ಲಿಂಗಕ್ಕೆ ಒಂದೇ ಬಾಗಿಲು, ಕಂದಕ ಬಳಸಿಕೊಂಡು ಮೂಡಣಕ್ಕೆ ಬನ್ನಿ, ಅಲ್ಲಿ ಹೊರಗೆ ನಿಂತು ಕೈಮುಗಿಯಬಹುದು ಎಂದರು.

ಮರುದಿನದಿಂದ ಅವಳು ಅಟ್ಟಣೆಯ ಕೆಳಗೆ ಬಂದು ಕೂತಳು. ಬೇಸಗೆ ಕೂತಳು, ಮಳೆಗಾಲದಲ್ಲಿ ತಾಳೆಗರಿ ಹೊದ್ದು ಕೂತಳು.

"ಏನು ಕೆತ್ತುತ್ತಿದ್ದೀಯ?"

"ಬಾಗಿಲು, ಯಾಯ್."

"ತೆಗೆಯುತ್ತದೋ?"

"ಇಲ್ಲ."

"ಹಾಗಾದರೆ ಗೋಡೆ ಅನ್ನು. ಗೋಡೆಗೆ ಯಾಕಯ್ಯ ಇಷ್ಟು ಸಿಂಗಾರ?"

ಕೊಂಗ್ ಉಳಿ ಒರೆಸಿಕೊಂಡ.

"ನಿನ್ನ ಮನೆಗೂ ಇಂಥದ್ದೇ ಮಾಡಿಕೊಂಡಿದ್ದೀಯೋ? ಹೆಂಡತಿ ಒಳಗಿದ್ದಾಳೋ, ಹೊರಗಿದ್ದಾಳೋ?"

"ಹೆಂಡತಿ ಇಲ್ಲ, ಯಾಯ್."

"ಹೇಗೆ ಬರುತ್ತಾಳೆ, ಬಾಗಿಲು ಇಂಥದ್ದಾದರೆ."

ಹೀಗೆ ದಿನವೂ ನಡೆಯಿತು. ಕೊಂಗ್ ಸಿಟ್ಟಾಗುವವನಲ್ಲ, ವಾದ ಮಾಡುವವನೂ ಅಲ್ಲ. ಮಳೆ ಹಿಡಿಯುವ ಮೊದಲೇ ಒಂದು ಬೆಳಿಗ್ಗೆ ಎಡ ಕದವನ್ನು ಒಳಕ್ಕೆ ಕೊರೆಯತೊಡಗಿದ. ನಾಲ್ಕು ಬೆರಳು ಹೋದ ಮೇಲೆ ನಿಲ್ಲಿಸಿದ. ಆಚೆ ಹೋದರೆ ಗೋಡೆ ತಡೆಯುತ್ತಿರಲಿಲ್ಲ. "ನನ್ನ ಕೈಯಲ್ಲಿ ಆಗುವುದು ಇಷ್ಟೇ" ಎಂದ. ಯಾಯ್ ತೆಪ್ ಮಾರನೆಯ ದಿನವೂ ಬಂದು ಕೂತಳು.

ಪ್ರತಿಷ್ಠೆಯ ದಿನ ಮೂಡಣ ಬಾಗಿಲಲ್ಲಿ ಪುರೋಹಿತರು ಕಾದರು. ಧಾರೆಯ ಬಿಂದಿಗೆ ಬರಲಿಲ್ಲ. ಯಾಯ್ ತೆಪ್ ಅದನ್ನು ಸೊಂಟದ ಮೇಲಿಟ್ಟುಕೊಂಡು ಪಡುವಣದಲ್ಲಿ ನಿಂತಿದ್ದಳು, ಅವಳ ಹಿಂದೆ ಊರು. "ನೆಲ ಕೊಡುತ್ತೇನೆ. ನಮ್ಮ ಬಾಗಿಲಲ್ಲೇ ಎರೆಯುತ್ತೇನೆ" ಎಂದು ಹೇಳಿ ಕಳಿಸಿದಳು. ಮುಹೂರ್ತ ಮೀರುತ್ತಿತ್ತು. ಅಧಿಕಾರಿಯ ಮುಖ ಬಿಳಚಿಕೊಂಡಿತ್ತು. ಪುರೋಹಿತರು ಬಿರಬಿರನೆ ಸುತ್ತಿ ಬಂದರು. ಓರೆಯಾದ ಕದವನ್ನು ಅವರು ಕಂಡದ್ದು ಆಗಲೇ. ಕೊಂಗನ ಕಡೆ ಒಮ್ಮೆ ನೋಡಿದರು. ಬೈಯಲು ಹೊತ್ತಿರಲಿಲ್ಲ.

"ಇದೂ ದೇವರ ಬಾಗಿಲೇ. ಅವನಿಗೆ ಕಲ್ಲು ಅಡ್ಡಿಯಲ್ಲ. ಎರೆ, ಇಲ್ಲಿಂದಲೇ ತೆಗೆದುಕೊಳ್ಳುತ್ತಾನೆ" ಎಂದರು.

"ತೆಗೆದುಕೊಳ್ಳದಿದ್ದರೆ?"

"ತೆಗೆದುಕೊಳ್ಳದಿದ್ದರೆ ನಿನ್ನ ನೆಲ ನಿನಗೆ. ಎರೆ ಮೊದಲು."

"ನನಗೆ ಕಿವಿ ಮಂದ, ಸ್ವಾಮಿ. ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿ."

ಅವರು ಗಟ್ಟಿಯಾಗಿ ಹೇಳಿದರು. ಅವಳು ಬಿಂದಿಗೆ ಬಾಗಿಸಿ ಸಂದಿಯೊಳಕ್ಕೆ ಎರೆದಳು. ನಿಧಾನವಾಗಿ, ಕೊನೆಯ ಹನಿಯ ತನಕ ಎರೆದಳು. ನೀರು ಕತ್ತಲೆಯಲ್ಲಿ ಮರೆಯಾಯಿತು. ಪುರೋಹಿತರು ಕೈಮುಗಿದರು. ಆಮೇಲೆ ಹೊಸ್ತಿಲ ಅಂಚಿನಲ್ಲಿ ಕಲ್ಲು ಕಪ್ಪಾಯಿತು. ನೀರು ಹೊರಬಂದು, ಮೆಟ್ಟಿಲಿಳಿದು, ಅವಳ ಕಾಲು ತೋಯಿಸಿ, ಹಿಂದಿನ ಗದ್ದೆಗೆ ಹರಿಯಿತು.

"ಒಲ್ಲೆ ಅಂದ" ಎಂದಳು ಯಾಯ್ ತೆಪ್.

ಇನ್ನೊಂದು ಬಿಂದಿಗೆ ತರಿಸಿ ಎಂದು ಅಧಿಕಾರಿ ಹೇಳಿದ. ಪುರೋಹಿತರೇ ಬೇಡವೆಂದರು. ಒಂದು ದಾನಕ್ಕೆ ಎರಡು ಧಾರೆಯಿಲ್ಲ. ಎಲ್ಲರ ಎದುರು ಆಡಿದ ಮಾತೂ ಹಿಂದಕ್ಕೆ ಬರುವಂತಿರಲಿಲ್ಲ.

ಕೊಂಗ್ ಬೇಕೆಂದೇ ಹಾಗೆ ಮಾಡಿದ ಎಂದು ಕೆಲವರು ಎನ್ನುತ್ತಾರೆ. ತಾ ಸರೂನ್ ಒಪ್ಪುವುದಿಲ್ಲ. ಹೊಸ್ತಿಲನ್ನು ಎಲ್ಲಿಯೂ ಹೊರಕ್ಕೆ ವಾಲಿಸಿಯೇ ಇಡುತ್ತಾರೆ, ಇಲ್ಲದಿದ್ದರೆ ಮಳೆ ಒಳಗೆ ಬರುತ್ತದೆ; ಹುಸಿಬಾಗಿಲಿಗೂ ಕೈ ಅದೇ ರೂಢಿಯಲ್ಲಿ ನಡೆದಿರಬೇಕು ಎಂದರು. ಯಾಯ್ ತೆಪ್‌ಗೆ ಗೊತ್ತಿತ್ತೇ ಎಂದು ಚಂತಾ ಕೇಳಿದಳು.

"ಒಂದು ಮಳೆಗಾಲವೆಲ್ಲ ಇದರ ಎದುರು ಕೂತಿದ್ದವಳು, ಮಗಳೇ" ಎಂದರು ಅವರು.

ಊರಿಗೆ ಬಾಗಿಲು ಸಿಗಲಿಲ್ಲ, ಗದ್ದೆ ಸಿಕ್ಕಿತು. ಅವಳ ತಮ್ಮನ ಮಗ ಮರುದಿನ ಬೆಳಿಗ್ಗೆ ಅವಳ ಮನೆಯ ಮುಂದೆ ನಿಂತು, ಉಳುಮೆಗೆ ಇಳಿಯಲೇ ಎಂದು ಕೇಳಿದ. ಅವಳು ಹೂಂ ಎಂದಳು.

ಗುಡಿಯ ಕಂದಕ ಇವತ್ತಿಗೂ ಮೂರೇ ಕಡೆ ಇದೆ. ನಾಲ್ಕನೆಯ ಕಡೆ ಗದ್ದೆ ಮೆಟ್ಟಿಲ ತನಕ ಬಂದಿದೆ. ನಾವು ಹೋದಾಗ ನಾಟಿಯಾಗಿತ್ತು.