ಸೆಂಟ್ರಿಂಗ್ ಬಿಚ್ಚಲೊಲ್ಲದ ಗುರು

ಕಲ್ಲಿನ ಕಮಾನು ಕಟ್ಟುವುದರಲ್ಲಿ ಮೌನಪ್ಪನನ್ನು ಮೀರಿಸುವ ಮೇಸ್ತ್ರಿ ಆ ಸೀಮೆಯಲ್ಲಿರಲಿಲ್ಲ. ಮುಪ್ಪು ಬಂದಾಗ ಊರಹಳ್ಳದ ಸೇತುವೆಯ ಕೆಲಸವನ್ನು ಶಿಷ್ಯ ದ್ಯಾಮಣ್ಣನಿಗೆ ಒಪ್ಪಿಸಿದ. ಸೆಂಟ್ರಿಂಗ್ ಮಾತ್ರ ತಾನೇ ಮಾಡಿಕೊಟ್ಟ.

ಸೆಂಟ್ರಿಂಗ್ ಎಂದರೆ ಇಂದು ನಮಗೆ ತಾರಸಿಗೆ ಆನಿಸುವ ಹಲಗೆ, ಕಂಬ. ಆದರೆ ಈ ಇಂಗ್ಲಿಷ್ ಮಾತು ಬೆಳೆದದ್ದು ಕಮಾನಿನ ಕೆಳಗೆ. ನೆಲಕ್ಕೊಂದು ಮೊಳೆ ನೆಟ್ಟು, ಹಗ್ಗ ಕಟ್ಟಿ ತಿರುಗಿಸಿ ಬಾಗು ಬರೆಯುತ್ತಿದ್ದರು. ಆ ಮೊಳೆಯ ಜಾಗವೇ ಸೆಂಟರ್. ಇನ್ನೂ ಹಿಂದೆ, ಗ್ರೀಕರ ಬಾಯಲ್ಲಿ, ಅದೇ ಪದಕ್ಕೆ ಎತ್ತನ್ನು ತಿವಿಯುವ ಮುಳ್ಳುಗೋಲು ಎಂಬ ಅರ್ಥವಿತ್ತು. ನೆಲಕ್ಕೆ ಚುಚ್ಚಿದ ಮೊನೆಗೂ ಆ ಹೆಸರೇ ಅಂಟಿತು. ಅಂಥ ಮೊನೆಯಿಂದ ಎಳೆದ ಬಾಗಿಗೆ ಸರಿಯಾಗಿ ಮಾಡಿದ ಮರದ ಚೌಕಟ್ಟು ಸೆಂಟ್ರಿಂಗ್ ಆಯಿತು. ಕಲ್ಲುಗಳು ಒಂದಕ್ಕೊಂದು ಒರಗಿ ನಿಲ್ಲುವ ತನಕ ಅದು ಅವನ್ನು ಹೊರುತ್ತದೆ. ಆಮೇಲೆ ಬಿಚ್ಚಲೇಬೇಕು.

ಬಿಚ್ಚುವಾಗ ಕಮಾನು ಕಟ್ಟಿದವನೇ ಅದರ ಕೆಳಗೆ ನಿಲ್ಲಬೇಕೆಂಬುದು ಆ ಮೇಸ್ತ್ರಿಗಳ ಕಟ್ಟಳೆ. ತನ್ನ ಕೆಲಸವನ್ನು ತಾನೇ ನಂಬದವನು ಊರನ್ನು ಅದರ ಮೇಲೆ ನಡೆಸಬಾರದಷ್ಟೆ. ಮೌನಪ್ಪನ ಒಡಹುಟ್ಟಿದವನೊಬ್ಬ ಹೀಗೆ ನಿಂತೇ ಕಲ್ಲಿನಡಿ ಸತ್ತಿದ್ದ. ಹಾವು ತುಳಿದವನಿಗೆ ಹಗ್ಗವೂ ಹಾವೇ.

ದ್ಯಾಮಣ್ಣನ ಕಮಾನು ಮುಗಿಯಿತು, ಗಾರೆಯೂ ಒಣಗಿತು. ಬಿಚ್ಚೋಣವೆಂದು ಅವನು ಕೇಳಿದಾಗಲೆಲ್ಲ ಮೌನಪ್ಪನಿಗೊಂದು ನೆವ. ಅಮಾವಾಸ್ಯೆ ಕಳೆಯಲಿ ಎಂದ. ಗಾರೆ ಇನ್ನೂ ಹಸಿ ಎಂದ. ಯಾರೂ ಇಲ್ಲದಾಗ ಹೋಗಿ, ಎರಡೂ ದಡದಲ್ಲಿ ಚೌಕಟ್ಟನ್ನು ಎತ್ತಿ ಹಿಡಿದಿದ್ದ ಬೆಣೆಗಳನ್ನು ಇನ್ನಷ್ಟು ಬಿಗಿಯಾಗಿ ಬಡಿದು ಬರುತ್ತಿದ್ದ. ಪಾಪ, ಪ್ರೀತಿಯಿಂದಲೇ ಮಾಡಿದ. ಆದರೆ ಭಾರವನ್ನೆಲ್ಲ ಮರವೇ ಹೊತ್ತರೆ ಕಲ್ಲುಗಳು ಒರಗುವುದಾದರೂ ಹೇಗೆ?

ಅಷ್ಟರಲ್ಲಿ ಮೇಲಿನ ಊರುಗಳಲ್ಲಿ ಮಳೆ ಹಿಡಿಯಿತು. ಹಳ್ಳ ತುಂಬಿ ಬಂದರೆ ಬೇರು ಕಿತ್ತ ಮರಗಳು ಸೆಂಟ್ರಿಂಗಿಗೆ ಸಿಕ್ಕಿಕೊಳ್ಳುತ್ತವೆ, ನೀರು ಕಟ್ಟಿ ಸೇತುವೆಯನ್ನೇ ಎಳೆದೊಯ್ಯುತ್ತದೆ. ದ್ಯಾಮಣ್ಣ ಸುತ್ತಿಗೆಯನ್ನು ಗುರುವಿನ ಕೈಗಿತ್ತು ಕಮಾನಿನ ಕೆಳಗೆ ಹೋಗಿ ನಿಂತ. ನೀನು ಹೊರಗೆ ಬಾ, ನಾನೇ ನಿಲ್ಲುತ್ತೇನೆ ಎಂದು ಮೌನಪ್ಪ ಅಂಗಲಾಚಿದ. ಶಿಷ್ಯ ಕದಲಲಿಲ್ಲ.

“ಗುರುಗಳ, ಇದು ನಿಂತಿದ್ದು ನಿಮ್ಮ ಕಟಗಿ ಮ್ಯಾಲೋ, ನನ್ನ ಕೆಲಸದ ಮ್ಯಾಲೋ? ನನಗ ಗೊತ್ತಾಗಬೇಕ್ರಿ. ನೀವು ಕಲಿಸಿದ್ದು ನನಗ ಬಂದೈತಿ ಅನಸಿದ್ರ ಬೆಣಿ ಬಡದು ತಗೀರಿ.”

ಬಡಿಯದಿದ್ದರೆ ಶಿಷ್ಯನನ್ನು ನಂಬಲಿಲ್ಲ ಎಂದಾಗುತ್ತದೆ, ಬಡಿದರೆ ಅವನ ಜೀವವೇ ಹೋಗಬಹುದು. ಮುದುಕ ಒಂದೊಂದಾಗಿ ಬೆಣೆ ಸಡಿಲಿಸಿದ. ಕಲ್ಲು ಕಿರ್ರೆಂದಿತು. ದ್ಯಾಮಣ್ಣನ ತಲೆಯ ಮೇಲೆ ಗಾರೆಯ ಪುಡಿ ಉದುರಿತು. ಆದರೂ ಮೌನಪ್ಪ ಸುತ್ತಿಗೆ ಕೆಳಗಿಡಲಿಲ್ಲ. ಕಮಾನು ತುಸು ಕೂತಿತು, ಬಿಗಿಯಿತು, ನಿಂತಿತು. ಮರ ಮಾತ್ರ ಕೆಳಗಿಳಿಯಿತು. ಕಲ್ಲಿಗೂ ಮರಕ್ಕೂ ನಡುವೆ ಬೆಳಕು ಕಂಡಿತು.

ಮೌನಪ್ಪ ಕುಸಿದು ಕುಳಿತು ಅತ್ತುಬಿಟ್ಟ. “ಹೊತ್ತೀನಿ ಹೊತ್ತೀನಿ ಅಂತ ತಿಳದಿದ್ನೋ ತಮ್ಮಾ. ಇದನ್ನ ನಿಲ್ಲಾಕ ಬಿಡದಾಂವ ನಾನ ಆಗಿದ್ದೆ.”

ಇಬ್ಬರೂ ಸೇರಿ ಮರವನ್ನು ದಡಕ್ಕೆ ಹಾಕುವಷ್ಟರಲ್ಲಿ ಹಳ್ಳ ಬಂತು. ಬುಡಸಮೇತ ಕಿತ್ತ ಬೇವಿನ ಮರವೊಂದು ಕಮಾನಿನ ಕೆಳಗೆ ಎಲ್ಲೂ ಸಿಕ್ಕದೆ ಹಾದುಹೋಯಿತು. ಗುರುಶಿಷ್ಯರು ಸೇತುವೆಯ ಮೇಲೆ ನಿಂತು ಅದನ್ನು ನೋಡಿದರು.

ನೀತಿ: ಆಸರೆ ಕೊಡುವುದು ಪ್ರೀತಿ. ಹೊತ್ತು ಬಂದಾಗ ಎದೆ ಗಟ್ಟಿ ಮಾಡಿಕೊಂಡು ಅದನ್ನು ತೆಗೆಯುವುದು ಇನ್ನೂ ದೊಡ್ಡ ಪ್ರೀತಿ. ಮಕ್ಕಳಾಗಲಿ ಶಿಷ್ಯರಾಗಲಿ, ನಮ್ಮ ಭಯಕ್ಕಾಗಿ ಅವರನ್ನು ಹೊತ್ತುಕೊಂಡೇ ಇದ್ದರೆ ಅವರು ನಿಲ್ಲಬಲ್ಲರೆಂಬುದು ಅವರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.