ಮೂರು ಜಗ್ಗಿನ ಕೆರೆ

ಮೇಗಳಪಾಳ್ಯಕ್ಕೂ ಕೆಳಗಳಪಾಳ್ಯಕ್ಕೂ ನಡುವೆ, ಕರೀಕಲ್ಲು ಗುಡ್ಡದ ಮಗ್ಗುಲಲ್ಲಿರುವ ಕೆರೆಗೆ ಮೂರು ಜಗ್ಗಿನ ಕೆರೆ ಎಂದು ಹೆಸರು. ಏರಿಯ ಮೇಲೆ ಈಗ ಡಾಂಬರು ಬಿದ್ದಿದೆ, ಬೆಳಿಗ್ಗೆ ಸಂಜೆ ಬಸ್ಸು ಓಡಾಡುತ್ತದೆ. ಏರಿಯ ನಟ್ಟನಡುವೆ ನಿಂತು ನೋಡಿದರೆ ನೀರಿನಿಂದ ಮೇಲೆದ್ದ ಎರಡು ಕಲ್ಲುಕಂಬಗಳು ಕಾಣುತ್ತವೆ. ಅದು ಹಳೆಯ ತೂಬು, ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ಬಾಯಿ. ಮೂರು ಹಳ್ಳ ಬಂದು ಸೇರುವುದರಿಂದ ಈ ಹೆಸರು ಬಂದಿತೆಂದು ಮೇಷ್ಟರೊಬ್ಬರು ಶಾಲೆಯ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ. ಇಲ್ಲಿಗೆ ಬರುವುದು ಒಂದೇ ಹಳ್ಳ, ಅದೂ ಮಳೆಗಾಲದಲ್ಲಿ ಮಾತ್ರ. ಬರೆಯುವ ಮೊದಲು ಮೇಷ್ಟರು ಒಂದು ಸಲ ಏರಿಯ ಮೇಲೆ ನಡೆದಿದ್ದರೂ ಇದು ತಿಳಿಯುತ್ತಿತ್ತು. ಅದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ನನ್ನ ಸೋದರತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಓಬಯ್ಯ ಎಂಬವನು ಈ ಕೆರೆಯ ನೀರುಗಂಟಿಯಾಗಿದ್ದನಂತೆ. ನೀರುಗಂಟಿ ಎಂದರೆ ಕೆರೆಯ ನೀರನ್ನು ಕಾದು ಹಂಚುವವನು. ತೂಬಿನ ಬಾಯಿಗೆ ಬಡಿದ ಮರದ ಬೆಣೆಯನ್ನು ಸಡಿಲಿಸಲು ಅವನು ಮುಳುಗಿ ತಳಕ್ಕೆ ಹೋಗಬೇಕಾಗಿತ್ತು. ನೀರಿನ ಸೆಳೆತ ಅವನನ್ನು ಒಳಗೆ ಎಳೆದುಕೊಳ್ಳದಿರಲೆಂದು ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಎರಡು ತುದಿಗಳನ್ನು ಎರಡು ಕಂಬಗಳ ಬುಡದ ತೂತುಗಳಲ್ಲಿ ಹಾಯಿಸಿ ಏರಿಯ ಮೇಲಕ್ಕೆ ತರುತ್ತಿದ್ದರು. ಒಂದು ತುದಿ ಮೇಗಳಪಾಳ್ಯದ ಗೌಡನ ಕೈಯಲ್ಲಿ, ಇನ್ನೊಂದು ಕೆಳಗಳಪಾಳ್ಯದ ಗೌಡನ ಕೈಯಲ್ಲಿ. ಒಂದೂರಿನವರು ಕದ್ದು ನೀರು ಬಿಡಿಸದಿರಲಿ ಎಂದು ಹಿರಿಯರು ಮಾಡಿದ ಕಟ್ಟಳೆಯದು. ಇಬ್ಬರೂ ಬಿಗಿಯಾಗಿ ಹಿಡಿದಷ್ಟು ಹೊತ್ತು ಅವನು ತಳದಲ್ಲಿ ಅಲುಗದೆ ನಿಲ್ಲುತ್ತಿದ್ದ. ಕೆಲಸ ಮುಗಿದಾಗ, ಇಲ್ಲವೇ ಉಸಿರು ಸಾಲದಾದಾಗ, ಹಗ್ಗವನ್ನು ಮೂರು ಸಲ ಜಗ್ಗುತ್ತಿದ್ದ. ಆಗ ಇಬ್ಬರೂ ಒಟ್ಟಿಗೆ ಸಡಿಲ ಬಿಡಬೇಕು. ಬಿಡದಿದ್ದರೆ ಅವನು ಮೇಲೇಳಲಾರ.

ಆಗ ಮೇಗಳಪಾಳ್ಯಕ್ಕೆ ಮುದ್ದೀರಪ್ಪ, ಕೆಳಗಳಪಾಳ್ಯಕ್ಕೆ ತಿಪ್ಪೇರುದ್ರ ಗೌಡರಾಗಿದ್ದರು. ತುಂಬಿದ ನೀರು ಹೊರಬೀಳುವ ಕೋಡಿಯ ಕಲ್ಲು ಎಷ್ಟು ಎತ್ತರವಿರಬೇಕು ಎಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಹೇಳುವುದೇನಿದ್ದರೂ ಓಬಯ್ಯನ ಬಾಯಲ್ಲಿ ಹೇಳಿಸುತ್ತಿದ್ದರು, ಎದುರಿಗೇ ನಿಂತಿದ್ದರೂ. ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಹಿನ್ನೀರು ಏರಿ ಮೇಗಳಪಾಳ್ಯದ ರಾಗಿ ಹೊಲ ಮುಳುಗಿತು. ತೂಬು ಪೂರ್ತಿ ಬಿಡಿ ಎಂದು ಮುದ್ದೀರಪ್ಪ. ಬೇಸಿಗೆಯ ಬೆಳೆ ನಿಂತಿರುವುದೇ ಈ ನೀರಿನ ಮೇಲೆ, ಒಂದು ಹನಿಯನ್ನೂ ಬಿಡಕೂಡದು ಎಂದು ತಿಪ್ಪೇರುದ್ರ. ನನ್ನನ್ನು ಕೇಳಿದರೆ ಇಬ್ಬರ ಮಾತೂ ಸುಳ್ಳಲ್ಲ. ಆರನೆಯ ದಿನ ಏರಿಯ ಬುಡ ಬೆವರತೊಡಗಿತು. ಏರಿ ಒಡೆದರೆ ಕೆಳಗಿನ ಊರು ಉಳಿಯುವುದಿಲ್ಲ, ಮೇಲಿನ ಊರಿಗೆ ಕೆರೆಯೇ ಉಳಿಯುವುದಿಲ್ಲ. ಓಬಯ್ಯ ಇಬ್ಬರಿಗೂ ಕೈಮುಗಿದು, ಬೆಣೆಯನ್ನು ಅರ್ಧ ಸಡಿಲಿಸಿ ಬರುತ್ತೇನೆಂದು ಹೇಳಿ ನೀರಿಗಿಳಿದ. ಸ್ವಲ್ಪ ಹೊತ್ತಿಗೆ ಹಗ್ಗ ಜಗ್ಗಿತು. ಓಬಯ್ಯನನ್ನು ಬೆಣೆಯ ಹತ್ತಿರ ಹೋಗಗೊಡದೆ ತಿಪ್ಪೇರುದ್ರ ಎಳೆಯುತ್ತಿದ್ದಾನೆ ಎಂದುಕೊಂಡ ಮುದ್ದೀರಪ್ಪ ಇನ್ನೂ ಬಿಗಿಹಿಡಿದ. ಬೆಣೆಯನ್ನು ಪೂರ್ತಿ ಕೀಳಿಸಲು ಮುದ್ದೀರಪ್ಪ ಎಳೆಯುತ್ತಿದ್ದಾನೆ ಎಂದುಕೊಂಡ ತಿಪ್ಪೇರುದ್ರನೂ ಬಿಗಿಹಿಡಿದ. ಹಗ್ಗ ಎರಡನೆಯ ಸಲ ಜಗ್ಗಿತು, ಮೂರನೆಯ ಸಲವೂ ಜಗ್ಗಿತು. ಆಮೇಲೆ ಜಗ್ಗಲಿಲ್ಲ. ಕೈಸೋತು ಇಬ್ಬರೂ ಬಿಟ್ಟಾಗ ಓಬಯ್ಯನ ಹೆಣ ತೇಲಿ ಬಂತು. ಬೆಣೆ ಇದ್ದಲ್ಲೇ ಇತ್ತು.

ಮಣ್ಣು ಮಾಡಿ ಬಂದ ಮರುದಿನವೂ ಮಳೆ ನಿಂತಿರಲಿಲ್ಲ. ನೀರುಗಂಟಿಯ ಮನೆಯಲ್ಲಿ ಬೇರೆ ಗಂಡಸರಿರಲಿಲ್ಲ. ತೂಬಿನ ದಾರಿ ಬಲ್ಲವಳು ಓಬಯ್ಯನ ಹೆಂಡತಿ ಕಾಟವ್ವ ಒಬ್ಬಳೇ. ಅವಳು ಸೊಂಟಕ್ಕೆ ಅದೇ ಹಗ್ಗ ಕಟ್ಟಿಕೊಂಡು ಏರಿಗೆ ಬಂದು ಇಬ್ಬರು ಗೌಡರನ್ನೂ ಕರೆಸಿದಳು.

"ನನ್ ಗಂಡ ಜಗ್ಗಿದ್ದು ನಿಮಗೆ ತಿಳೀಲಿಲ್ವಾ, ಗೌಡ್ರೇ?" ಎಂದು ಕೇಳಿದಳು.

"ಆಯಪ್ಪ ಎಳೀತವ್ನೆ ಅಂದ್ಕಂಡೆ ಕಣವ್ವ" ಎಂದು ಮುದ್ದೀರಪ್ಪ ತಿಪ್ಪೇರುದ್ರನ ಕಡೆ ಕೈ ತೋರಿಸಿದ.

"ಮೂರನೇ ಸಲಕ್ಕೂ?"

ಮುದ್ದೀರಪ್ಪ ತಲೆ ತಗ್ಗಿಸಿದ. "ಮೂರನೇ ಸಲಕ್ಕೆ ಗೊತ್ತಾತು. ನಾನು ಮೊದ್ಲು ಬಿಟ್ರೆ ಸೋತಂಗೆ ಆಗ್ತದೆ ಅಂತ ಬಿಡ್ಲಿಲ್ಲ."

ತಿಪ್ಪೇರುದ್ರ ಹನ್ನೆರಡು ವರ್ಷದ ಮೇಲೆ ಅವನ ಮುಖ ನೋಡಿ ಮಾತಾಡಿದ. "ನಂಗೂ ಅಂಗೇ ಆತು, ಮುದ್ದೀರಪ್ಪ."

ಆ ಇಬ್ಬರೂ ಒಪ್ಪಿಕೊಂಡ ಮೊದಲ ಮಾತು ಅದೇ ಎನ್ನುತ್ತಾರೆ.

ಕಾಟವ್ವ ಅಳಲಿಲ್ಲ. "ಜಗ್ಗಿದ್ದು ನೀನಾ ಅಂತ ಒಬ್ರನ್ನೊಬ್ರು ಒಂದ್ ಮಾತು ಕೇಳಿದ್ರೆ ಅವ್ನು ಬದುಕ್ತಿದ್ದ. ಈಗ ನಾನು ಇಳೀತೀನಿ. ಎಷ್ಟು ನೀರು ಬಿಡ್ಬೇಕು ಅಂತ ನೀವೇ ಮಾತಾಡ್ಕಂಡು ಹೇಳಿ. ಹಗ್ಗ ಜಗ್ಗಿದ್ ಕೂಡ್ಲೆ ಕೇಳ್ಕಬೇಕು. ಆಗಾಕಿಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಮನೆಗೆ ಹೋಗ್ತೀನಿ" ಎಂದಳು. ಇಬ್ಬರೂ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತರು. ನನ್ನ ಹೊಲ, ನಿನ್ನ ಗದ್ದೆ ಎಂದು ಮತ್ತೆ ದನಿ ಏರಿತು. ಆದರೆ ಅವಳು ಹಗ್ಗ ಕಟ್ಟಿಕೊಂಡು ಎದುರಿಗೇ ನಿಂತಿದ್ದಳು. ಎದ್ದುಹೋಗುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕೊನೆಗೆ ಮುಳುಗಿದ ಹೊಲದಲ್ಲಿ ಅರ್ಧ ಹೋದರೂ ಸರಿ, ಬೇಸಿಗೆಯ ಬೆಳೆಯಲ್ಲಿ ಕಾಲುಭಾಗ ಬಿಟ್ಟರೂ ಸರಿ ಎಂಬಲ್ಲಿಗೆ ಬಂದು, ನೀರು ಎಲ್ಲಿಗೆ ಇಳಿಯಬೇಕೆಂದು ಕಂಬದ ಮೇಲೆ ಒಂದು ಗೆರೆ ತೋರಿಸಿದರು. ಯಾರ ಅಭಿಪ್ರಾಯವೂ ಬದಲಾಗಲಿಲ್ಲ. ಸಾಯುವವರೆಗೂ ಮುದ್ದೀರಪ್ಪ ಕೋಡಿ ಎತ್ತರವಾಯಿತೆಂದೇ ಅಂದ, ತಿಪ್ಪೇರುದ್ರ ತಗ್ಗಾಯಿತೆಂದೇ ಅಂದ.

ಕಾಟವ್ವ ಮುಳುಗಿದಳು. ಹಗ್ಗ ಮೂರು ಸಲ ಜಗ್ಗಿತು. "ನೀನಾ?" ಎಂದ ಮುದ್ದೀರಪ್ಪ. "ನಾನಲ್ಲ. ನೀನಾ?" ಎಂದ ತಿಪ್ಪೇರುದ್ರ. ಇಬ್ಬರೂ ಒಟ್ಟಿಗೆ ಬಿಟ್ಟರು. ಕಾಟವ್ವ ಮೇಲೆ ಬಂದಳು, ತೂಬಿನ ಆಚೆಬದಿ ನೀರು ಭೋರೆಂದಿತು. ದಡದಲ್ಲಿ ಕೂತು ಬಹಳ ಹೊತ್ತು ಕೆಮ್ಮಿದಳು. ಉಸಿರು ಕಟ್ಟಿ ಕಣ್ಣು ಕತ್ತಲೆ ಬಂದಿತ್ತು, ಕೈ ಏಳುತ್ತಿರಲಿಲ್ಲ, ಅಷ್ಟರಲ್ಲಿ ಹಗ್ಗ ತಾನಾಗಿ ಸಡಿಲವಾಯಿತು ಎಂದಳು. "ಯಾಕೆ ಬಿಟ್ರಿ? ನಾನಿನ್ನೂ ಜಗ್ಗಿರಲಿಲ್ಲ" ಎಂದು ಕೇಳಿದಳು.

ಈಗ ತೂಬಿಗೆ ಕಬ್ಬಿಣದ ಬಾಗಿಲು, ತಿರುಗಿಸಲು ಚಕ್ರ ಬಂದಿದೆ. ಯಾರೂ ಮುಳುಗಬೇಕಾಗಿಲ್ಲ. ಆದರೂ ನೀರು ಬಿಡುವ ದಿನ ಬಂದವರು ಇದನ್ನು ನೋಡಬಹುದು: ಎರಡೂ ಊರಿನವರು ಸೇರಿ, ಆ ವರ್ಷ ಒಬ್ಬರೊಡನೊಬ್ಬರು ಮಾತು ಬಿಟ್ಟ ಇಬ್ಬರನ್ನು ಆರಿಸುತ್ತಾರೆ. ಬೇಸಿಗೆಯಲ್ಲಿ ನೀರು ತಗ್ಗಿದಾಗಲೇ ಕಂಬಗಳ ಬುಡದಲ್ಲಿ ಹಾಯಿಸಿಟ್ಟ ಹಗ್ಗದ ಎರಡು ತುದಿಗಳನ್ನು ಆ ಇಬ್ಬರ ಕೈಗೆ ಕೊಡುತ್ತಾರೆ. ನಡುವೆ ನೀರಿನಲ್ಲಿ ಯಾರೂ ಇರುವುದಿಲ್ಲ. ಹಗ್ಗ ಜಗ್ಗಿತೆನಿಸಿದಾಗ ಒಬ್ಬ ಇನ್ನೊಬ್ಬನನ್ನು ಕೇಳಬೇಕು. ಕಳೆದ ವರ್ಷ ಒಂದು ತುದಿ ನನ್ನ ಕೈಯಲ್ಲಿತ್ತು, ಆಚೆ ತುದಿಯಲ್ಲಿ ಆ ಮೇಷ್ಟರು. ಹಳ್ಳದ ಲೆಕ್ಕ ನಾವಿಬ್ಬರೂ ಇನ್ನೂ ಒಪ್ಪಿಲ್ಲ. ಆದರೆ ಹಗ್ಗ ಮೂರನೆಯ ಸಲ ಜಗ್ಗಿದಾಗ ಅವರೇ ನನ್ನ ಕಡೆ ತಿರುಗಿ, "ನೀವಾ?" ಎಂದು ಕೇಳಿದರು. ನಾನಲ್ಲ ಎಂದೆ. ಇಬ್ಬರೂ ಒಟ್ಟಿಗೆ ಕೈಬಿಟ್ಟೆವು, ನೀರಿನೊಳಗಿಂದ ಏನೋ ಮೇಲೇಳಲೆಂದು ಕಾಯುತ್ತ ಪಕ್ಕಪಕ್ಕದಲ್ಲಿ ನಿಂತೆವು.